ಆಗುವುದಿಲ್ಲ ಎಂದು ಬರೆದಿದ್ದರು

ಪರದೆಯ ಕೊನೆಯ ಸಾಲಿನಲ್ಲಿ ಒಂದು ಎಂಬ ಅಂಕಿ ಬಂದಾಗ ನಾನು ಕುರ್ಚಿಯಿಂದ ಎದ್ದು ಮೈ ಮುರಿದೆ. ಖುಷಿಯಾಗಿತ್ತು. ಇಪ್ಪತ್ತನಾಲ್ಕು ಶಿಕ್ಷಕರು, ನಾಲ್ಕು ಗುಂಪು, ಐವತ್ತಕ್ಕೂ ಹೆಚ್ಚು ಬೇಡಿಕೆ. ಅಷ್ಟರಲ್ಲಿ ಈಡೇರದೆ ಉಳಿದದ್ದು ಒಂದೇ ಒಂದು. ಅದು ಯಾರದ್ದು, ಯಾವುದು ಎಂದು ನಾನು ನೋಡಲಿಲ್ಲ. ನೋಡಲು ಒಂದು ನಿಮಿಷ ಸಾಕಿತ್ತು. ಊಟದ ಗಂಟೆ ಹೊಡೆದಿತ್ತು, ಪಟ್ಟಿಯನ್ನು ಮುದ್ರಿಸಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ ಬುತ್ತಿ ಬಿಚ್ಚಿದೆ.

ಆ ಒಂದು ನಿಮಿಷದ ಎದುರಿಗೆ ಈಗ ದಿನವೂ ಹೋಗಿ ನಿಲ್ಲುತ್ತೇನೆ.

ನಾನು ಬಂಟ್ವಾಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ಕಲಿಸುವವನು. ಓದಿದ್ದು ಮೂಡುಬಿದಿರೆಯಲ್ಲಿ, ಇಂಜಿನಿಯರಿಂಗ್. ಅಲ್ಲಿ ಒಬ್ಬ ಉಪನ್ಯಾಸಕರು ಒಂದು ದಿನ ಪೇಪರಿನಿಂದ ಸುಡೋಕು ಕತ್ತರಿಸಿ ತರಗತಿಗೆ ತಂದರು. "ಇದನ್ನು ಯಾರೂ ಬಿಡಿಸಬೇಡಿ. ಇದರ ನಿಯಮ ಮಾತ್ರ ಬರೆಯಿರಿ" ಎಂದರು. ಆ ದಿನ ಕಲಿತದ್ದು ಇಷ್ಟು: ಮೊದಲ ಚೌಕದಲ್ಲಿ ಐದು ಇದೆಯೇ ಎಂಬುದು ಹೌದು ಅಥವಾ ಅಲ್ಲ ಎಂಬ ಉತ್ತರದ ಒಂದು ಪ್ರಶ್ನೆ. ಎಂಬತ್ತೊಂದು ಚೌಕಕ್ಕೆ ಒಂಬತ್ತು ಅಂಕಿಯ ಹಾಗೆ ಏಳುನೂರ ಇಪ್ಪತ್ತೊಂಬತ್ತು ಪ್ರಶ್ನೆಗಳಾಗುತ್ತವೆ. ಪ್ರತಿ ಪ್ರಶ್ನೆಗೂ ಒಂದು ನಂಬರು. ಅಲ್ಲ ಎನ್ನಬೇಕಾದರೆ ನಂಬರಿನ ಮುಂದೆ ಮೈನಸ್ ಗುರುತು. ಒಂದು ಸಾಲಿನಲ್ಲಿ ಎರಡು ಐದು ಬರಬಾರದು ಎಂಬುದನ್ನು, ಇಲ್ಲಿ ಐದಲ್ಲ ಅಥವಾ ಅಲ್ಲಿ ಐದಲ್ಲ ಎಂದು ಬರೆಯಬೇಕು. ಹಾಗೆ ಸಾವಿರಾರು ಸಾಲು. ಅಷ್ಟೂ ಸಾಲುಗಳನ್ನು ಒಟ್ಟಿಗೆ ನಿಜ ಮಾಡುವ ಒಂದು ಉತ್ತರ ಉಂಟೋ ಇಲ್ಲವೋ ಎಂದು ಹುಡುಕುವ ಪ್ರೋಗ್ರಾಮನ್ನು ಸ್ಯಾಟ್ ಸಾಲ್ವರ್ ಎನ್ನುತ್ತಾರೆ. ಉಪನ್ಯಾಸಕರು ಕೀಲಿ ಒತ್ತಿದರು, ಬೆರಳು ಎತ್ತುವ ಮೊದಲೇ ಉತ್ತರ ಬಂತು.

ನನಗೆ ಅದರ ಹುಚ್ಚು ಹಿಡಿಯಿತು. ಚದುರಂಗದ ಹಾಸಿನ ಮೇಲೆ ಎಂಟು ರಾಣಿಯರನ್ನು ಒಬ್ಬರಿಗೊಬ್ಬರು ತಾಗದ ಹಾಗೆ ಕೂರಿಸಿದೆ. ನಕ್ಷೆಗೆ ಬಣ್ಣ ತುಂಬಿದೆ. ಹಾಸ್ಟೆಲಿನ ಗೆಳೆಯರು ಪೇಪರಿನ ಸುಡೋಕುವಿಗೆ ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತಿದ್ದರೆ ನಾನು ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದೆ. ಆ ಉಪನ್ಯಾಸಕರು ಇನ್ನೊಂದು ಮಾತು ಹೇಳಿದ್ದರು. "ಸಾಲ್ವರ್ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವುದು ನೀವು, ನಿಯಮ ಬರೆಯುವಾಗ." ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ, ಗೆರೆಯೂ ಎಳೆದೆ.

ಶಾಲೆಗೆ ಸೇರಿದ ಮೇಲೆ ಟೈಮ್ ಟೇಬಲ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮೊದಲು ಹಿರಿಯ ಶಿಕ್ಷಕರೊಬ್ಬರು ಪೆನ್ಸಿಲ್, ರಬ್ಬರ್ ಹಿಡಿದು ಒಂದು ವಾರ ಮಾಡುತ್ತಿದ್ದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮಾಡಿ ಕೊಟ್ಟೆ. ಎಲ್ಲರೂ ಹೊಗಳಿದರು. ಹೊಗಳದೆ ಇದ್ದವರು ಒಬ್ಬರೇ, ನಮ್ಮ ಪಿ.ಟಿ. ಮಾಸ್ಟ್ರು. ಐವತ್ತು ದಾಟಿದ ಗಟ್ಟಿ ಆಳು. ಸ್ಕೌಟಿನ ಶಿಬಿರಗಳಲ್ಲಿ ಪ್ರಥಮ ಚಿಕಿತ್ಸೆ ಕಲಿಸುವವರು. ಪಟ್ಟಿಯ ಎದುರು ನಿಂತು, ಕನ್ನಡಕ ಹಣೆಗೇರಿಸಿ, ಇಡೀ ಸ್ಟಾಫ್ ರೂಮಿಗೆ ಕೇಳುವ ಹಾಗೆ ಹೇಳಿದರು.

"ಎಂತ ಮಾಸ್ಟ್ರೇ, ನಿಮ್ಮ ಪೆಟ್ಟಿಗೆ ನುಡಿ ಕೊಟ್ಟಿತಾ? ಎಂಟನೇ ಕ್ಲಾಸಿಗೆ ವಾರಕ್ಕೆ ಮೂರು ದಿನ ಮಧ್ಯಾಹ್ನ ಹನ್ನೆರಡಕ್ಕೆ ಆಟ. ಪೆಟ್ಟಿಗೆಗೆ ಬಿಸಿಲು ಅಂದ್ರೆ ಎಂತ ಅಂತ ಗೊತ್ತುಂಟಾ?"

ಎಲ್ಲರೂ ನಕ್ಕರು. ನಮ್ಮಲ್ಲಿ ನುಡಿ ಕೊಡುವುದು ದೈವ. ದೈವ ನುಡಿದ ಮೇಲೆ ಎದುರು ಮಾತಿಲ್ಲ. ಅದನ್ನು ನನ್ನ ಕಂಪ್ಯೂಟರಿಗೆ ಹಚ್ಚಿದ್ದು ನನಗೆ ನಾಟಿತು. ಬಿಸಿಲನ್ನು ನಾನು ನಿಯಮವಾಗಿ ಬರೆದಿರಲಿಲ್ಲ, ಅವರ ಮಾತು ಸರಿಯಿತ್ತು. ಸರಿಯಿದ್ದದ್ದರಿಂದಲೇ ಇನ್ನಷ್ಟು ಸಿಟ್ಟು ಬಂತು. ಅಂದಿನಿಂದ ಅವರಿಗೂ ನನಗೂ ಆಗುವುದಿಲ್ಲ.

ಈ 'ಆಗುವುದಿಲ್ಲ' ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ತುಳುವಿನಲ್ಲಿ 'ಆಪುಜಿ' ಎಂಬುದನ್ನು ಕನ್ನಡಕ್ಕೆ ತಂದು 'ಆಗುವುದಿಲ್ಲ' ಎನ್ನುತ್ತೇವೆ. ಅದನ್ನು ಎಲ್ಲದಕ್ಕೂ ಬಳಸುತ್ತೇವೆ. ಅವರಿಬ್ಬರಿಗೆ ಆಗುವುದಿಲ್ಲ ಎಂದರೆ ಜಗಳ. ಭಾನುವಾರ ಆಗುವುದಿಲ್ಲ ಎಂದರೆ ಬಿಡುವಿಲ್ಲ. ಹಾಗಲಕಾಯಿ ಆಗುವುದಿಲ್ಲ ಎಂದರೆ ರುಚಿಸುವುದಿಲ್ಲ. ಸಿಗಡಿ ಆಗುವುದಿಲ್ಲ ಎಂದರೆ ತಿಂದರೆ ಮೈಯೆಲ್ಲ ಏಳುತ್ತದೆ, ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೇಳುವವರ ಮುಖ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕಾಗದದ ಮೇಲೆ ಮುಖ ಇರುವುದಿಲ್ಲ.

ಜನವರಿಯಲ್ಲಿ ನಮ್ಮ ಶಾಲೆ ಮತ್ತು ಅಕ್ಕಪಕ್ಕದ ಎರಡು ಶಾಲೆಗಳ ಶಿಕ್ಷಕರಿಗೆ ಒಂದು ದಿನದ ಶಿಬಿರ ಎಂದು ತೀರ್ಮಾನವಾಯಿತು. ಬೆಳ್ತಂಗಡಿ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ, ರಬ್ಬರ್ ತೋಟಗಳ ನಡುವೆ, ಒಬ್ಬ ಕೃಷಿಕರ ಜಾಗ. ಅಲ್ಲಿ ಜೇನು ಸಾಕಣೆ, ಅಣಬೆ, ಕಸಿ ಕಟ್ಟುವುದು, ಗೊಬ್ಬರ ಮಾಡುವುದು ಹೀಗೆ ನಾಲ್ಕು ಕೆಲಸ. ಒಬ್ಬೊಬ್ಬರು ಒಂದೊಂದನ್ನು ಕಲಿತು ಬಂದು ಮಕ್ಕಳಿಗೆ ಹೇಳಿಕೊಡಬೇಕು. ಗುಂಪು ಮಾಡುವ ಕೆಲಸ ನನ್ನದು. ಜೇನಿನ ಗುಂಪಿನ ಮುಂದಾಳುವೂ ನಾನೇ ಎಂದು ಮೊದಲೇ ನಿಶ್ಚಯವಾಗಿತ್ತು. ಎಲ್ಲರಿಗೂ ಒಂದು ಕಾಗದ ಕೊಟ್ಟೆ. ಅದರಲ್ಲಿ ಎರಡು ಕಲಂ. ಒಂದಕ್ಕೆ 'ಆಗುವುದು' ಎಂದು ತಲೆಬರಹ, ಇನ್ನೊಂದಕ್ಕೆ 'ಆಗದ್ದು'. ತಲೆಬರಹ ಕೊಟ್ಟದ್ದು ನಾನು.

ಕಾಗದಗಳು ಬಂದವು. ಅಣಬೆ ಆಗುವುದಿಲ್ಲ, ವಾಸನೆ. ಬಿಸಿಲು ಆಗುವುದಿಲ್ಲ. ಗೆಳತಿ ಇಲ್ಲದ ಗುಂಪು ಆಗುವುದಿಲ್ಲ. ಒಬ್ಬರು ತಮಾಷೆಗೆ, ಬೇಗ ಏಳುವುದು ಆಗುವುದಿಲ್ಲ ಎಂದು ಬರೆದಿದ್ದರು. ಪಿ.ಟಿ. ಮಾಸ್ಟ್ರು, ಯಾವುದೂ ಆಗ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು. ನಮ್ಮ ಶಾಲೆಯ ಹಿಂದಿ ಟೀಚರ್ ಆಗದ್ದರ ಕೆಳಗೆ ಎರಡೇ ಶಬ್ದ ಬರೆದಿದ್ದರು: ಜೇನು ಆಗುವುದಿಲ್ಲ.

ಈ ಬಗೆಯ ಲೆಕ್ಕಕ್ಕೆ ಸಾಲ್ವರಿನ ಇನ್ನೊಂದು ಜಾತಿ ಉಂಟು. ಅದರಲ್ಲಿ ನಿಯಮಗಳನ್ನು ಎರಡು ರಾಶಿ ಮಾಡಬಹುದು. ಒಂದು ಕಡ್ಡಾಯ, ಅದನ್ನು ಮುರಿಯುವ ಹಾಗೆಯೇ ಇಲ್ಲ. ಇನ್ನೊಂದು ಆದರೆ ಒಳ್ಳೆಯದು ಎನ್ನುವಂಥದ್ದು. ಅದನ್ನು ಆದಷ್ಟು ಕಡಿಮೆ ಮುರಿಯುತ್ತದೆ, ಎಷ್ಟು ಮುರಿದೆ ಎಂದು ಕೊನೆಗೆ ಒಂದು ಅಂಕಿ ತೋರಿಸುತ್ತದೆ. ಗುಂಪಿಗೆ ಆರು ಜನ, ಗುಂಪಿಗೆ ಒಬ್ಬರಾದರೂ ವಿಜ್ಞಾನದವರು, ಇವು ಕಡ್ಡಾಯ. ಜನ ಬರೆದುಕೊಟ್ಟ ಆಗುವುದಿಲ್ಲಗಳನ್ನೆಲ್ಲ ಎರಡನೆಯ ರಾಶಿಗೆ ಹಾಕಿದೆ. ಹಿಂದಿ ಟೀಚರಿನ ಸಾಲನ್ನು ಟೈಪ್ ಮಾಡಿದ್ದು ನೆನಪುಂಟು. ಜೇನುತುಪ್ಪ ಸೇರುವುದಿಲ್ಲವೋ ಏನೋ, ಹುಳ ಕಂಡರೆ ಹೆದರಿಕೆಯೋ ಏನೋ ಎಂದುಕೊಂಡು ಮುಂದಿನ ಕಾಗದಕ್ಕೆ ಹೋದೆ.

ಒಂದು ಆಗುವುದಿಲ್ಲವನ್ನು ಮಾತ್ರ ಕಡ್ಡಾಯದ ರಾಶಿಗೆ ಹಾಕಿದೆ. ಅದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ನಾನು ಮತ್ತು ಪಿ.ಟಿ. ಮಾಸ್ಟ್ರು ಒಂದೇ ಗುಂಪಿನಲ್ಲಿ ಇರಬಾರದು. ಎರಡು ನಂಬರು, ಎರಡರ ಮುಂದೆಯೂ ಮೈನಸ್.

ಪಟ್ಟಿ ಅಂಟಿಸಿದ ಮರುದಿನ ಹಿಂದಿ ಟೀಚರ್ ನನ್ನ ಮೇಜಿನ ಹತ್ತಿರ ಬಂದರು. ಐವತ್ತರ ಆಸುಪಾಸಿನವರು. ಮಕ್ಕಳಿಗೂ ಬಹುವಚನ ಬಳಸುವಷ್ಟು ಮೆದು. ಯಾರ ಹತ್ತಿರವೂ ಹಟ ಹಿಡಿದದ್ದು ನಾನು ಕಂಡಿಲ್ಲ.

"ಸರ್, ನನ್ನನ್ನು ಜೇನಿಗೆ ಹಾಕಿದ್ದೀರಿ. ನಾನು ಬರೆದು ಕೊಟ್ಟಿದ್ದೆ."

ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ.

"ಎಲ್ಲ ನೋಡಿಯೇ ಹಾಕಿದ್ದು ಟೀಚರ್. ಕಂಪ್ಯೂಟರ್ ಲೆಕ್ಕ ಅದು. ಇದಕ್ಕಿಂತ ಒಳ್ಳೆಯ ಗುಂಪು ಆಗುವುದೇ ಇಲ್ಲ."

"ನೋಡಿಯೇ ಹಾಕಿದ್ದಾದ್ರೆ ಸರಿ" ಎಂದರು. "ನಾನು ದೂರ ಕೂತು ವರದಿ ಬರೆಯಬಹುದಲ್ವಾ?"

"ಧಾರಾಳ ಬರೆಯಿರಿ."

ಆಗ ತಲೆ ಎತ್ತಿದ್ದರೆ ಮುಖ ಕಾಣುತ್ತಿತ್ತು. ಏಕೆ ದೂರ ಎಂದು ಕೇಳಿದ್ದರೂ ಸಾಕಿತ್ತು. ನಾಲ್ಕು ವರ್ಷದ ಹಿಂದೆ ಒಂದು ಜೇನು ಕೈಗೆ ಕಚ್ಚಿ, ಮೈಯೆಲ್ಲ ದದ್ದು ಎದ್ದು, ಇನ್ನೊಮ್ಮೆ ಕಚ್ಚದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಹೇಳುತ್ತಿದ್ದರು.

ಶನಿವಾರ ಬೆಳಗ್ಗೆ ಎಲ್ಲರೂ ಕಾರುಗಳಲ್ಲಿ ಹೊರಟೆವು. ಗುರುವಾಯನಕೆರೆಯಲ್ಲಿ ಚಹಾ ಕುಡಿದೆವು. ಪೇಟೆ ದಾಟಿ ಒಳದಾರಿಗೆ ತಿರುಗಿದ ಮೇಲೆ ಫೋನಿನ ಸಿಗ್ನಲ್ ಹೋಯಿತು. ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ಇಳಿಜಾರು. ಒಂದರ ಹಿಂದೆ ಒಂದು ಕಾರು ನಿಲ್ಲಿಸುವಷ್ಟೇ ಜಾಗ. ಪಿ.ಟಿ. ಮಾಸ್ಟ್ರು ಎಲ್ಲರಿಗಿಂತ ತಡವಾಗಿ ಬಂದು ತಮ್ಮ ಹಳೆಯ ಕಾರನ್ನು ಎಲ್ಲರ ಹಿಂದೆ, ರಸ್ತೆಯ ಕಡೆಗೆ ಮುಖ ತಿರುಗಿಸಿ ನಿಲ್ಲಿಸಿದರು. ಅವರು ಅಣಬೆಯ ಗುಂಪು. ಅಣಬೆಯ ಶೆಡ್ಡು ಕೆಳಗೆ ಹರಿಯುವ ತೋಡಿನ ಬದಿಯಲ್ಲಿ, ಜೇನಿನ ಪೆಟ್ಟಿಗೆಗಳು ಮೇಲೆ ಮನೆಯ ಹಿಂದೆ. ಇಳಿಯುತ್ತ ನನ್ನತ್ತ ತಿರುಗಿ, "ಮಾಸ್ಟ್ರೇ, ನನ್ನನ್ನು ಕತ್ತಲೆ ಕೋಣೆಗೆ ಹಾಕಿದ್ದು ಪೆಟ್ಟಿಗೆಯಾ ನೀವಾ?" ಎಂದರು. ನಾನು ಕೇಳಿಸದ ಹಾಗೆ ಮನೆಯ ಹಿಂದಕ್ಕೆ ನಡೆದೆ.

ಜೇನಿನವರು ಆ ಜಾಗದ ಯಜಮಾನರೇ. ತಲೆಗೆ ಬಲೆ ಇಲ್ಲ, ಕೈಗವಸು ಇಲ್ಲ, ಹೊಗೆಯ ಡಬ್ಬಿ ಮಾತ್ರ. "ಇದು ತುಡುವೆ ಜೇನು. ಪಾಪದ್ದು. ನೀವು ಉಪದ್ರ ಕೊಡದಿದ್ರೆ ಅದು ನಿಮ್ಮನ್ನು ಮುಟ್ಟುವುದಿಲ್ಲ" ಎಂದರು. ಐದು ಜನ ಪೆಟ್ಟಿಗೆಯ ಸುತ್ತ ನಿಂತೆವು. ಹಿಂದಿ ಟೀಚರ್ ಹಿಂದೆ ಜಗಲಿಯಲ್ಲಿ, ಇಪ್ಪತ್ತು ಹೆಜ್ಜೆ ದೂರ, ಸೆರಗು ತಲೆಗೆ ಹೊದ್ದು ಕೂತು ಬರೆಯುತ್ತಿದ್ದರು. ಯಜಮಾನರು ಮುಚ್ಚಳ ತೆಗೆದು ಒಂದು ಚೌಕಟ್ಟನ್ನು ಮೇಲೆತ್ತಿದರು. ಅದರ ಮೇಲೆ ಹುಳಗಳು ಹೊಳೆಯುತ್ತ ಹರಿದಾಡುತ್ತಿದ್ದವು. ನಾನು ಆರು ಮೂಲೆಯ ಕೋಣೆಗಳನ್ನು ನೋಡುತ್ತ ಇದನ್ನೂ ಒಂದು ಒಗಟು ಮಾಡಬಹುದು ಎಂದು ಯೋಚಿಸುತ್ತಿದ್ದೆ.

ಹಿಂದಿನಿಂದ, "ಅಯ್ಯೋ, ಕೂದಲಿಗೆ ಹೋಯ್ತು" ಎಂದು ಕೇಳಿಸಿತು. ಸಣ್ಣ ದನಿ. ತಿರುಗಿದೆ. ಟೀಚರ್ ಕುತ್ತಿಗೆಯ ಹಿಂದೆ ಕೈ ಹಾಕಿದ್ದರು.

"ಕಚ್ಚಿತಾ ಅಮ್ಮ? ಒಂದು ಕಚ್ಚಿದ್ರೆ ಸಂಧಿವಾತಕ್ಕೆ ಒಳ್ಳೇದು" ಎಂದು ಯಜಮಾನರು ನಕ್ಕರು. ನಾವೂ ನಕ್ಕೆವು. ನಾನೂ ನಕ್ಕೆ.

ಟೀಚರ್ ನಗಲಿಲ್ಲ. ನನ್ನನ್ನೇ ನೋಡಿ, "ಸರ್, ನನಗೆ ಇದು ಆಗುವುದಿಲ್ಲ" ಎಂದರು. ಈಗ ಮುಖ ಇತ್ತು. ಅದೇ 'ಆಗುವುದಿಲ್ಲ', ಆ ಮುಖದೊಂದಿಗೆ ಸೇರಿದಾಗ ಅದರ ಅರ್ಥ ಒಂದೇ ಇತ್ತು.

ಹತ್ತಿರ ಹೋಗುವಷ್ಟರಲ್ಲಿ ಅವರು ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು. ತುರಿಕೆ ಎಂದರು. ಕುತ್ತಿಗೆಯಿಂದ ಕೆನ್ನೆಗೆ ಕೆಂಪು ದದ್ದು ಕಣ್ಣೆದುರೇ ಏರುತ್ತಿತ್ತು. ತುಟಿ ದಪ್ಪವಾಗತೊಡಗಿತು. ಯಾರೋ ಸುಣ್ಣ ತರಲು ಓಡಿದರು. ಯಾರೋ ನೀರು ಕೊಟ್ಟರು. ಅವರಿಗೆ ನುಂಗಲು ಆಗಲಿಲ್ಲ, ನೀರು ಗಲ್ಲದ ಮೇಲೆ ಇಳಿಯಿತು. ನಾನು ಫೋನ್ ತೆಗೆದೆ. ಸಿಗ್ನಲ್ ಇಲ್ಲ. ಆಗ ತಲೆಗೆ ಬಂದದ್ದು ಒಬ್ಬರೇ, ಅಲ್ಲಿದ್ದವರಲ್ಲಿ ಏನು ಮಾಡಬೇಕೆಂದು ತಿಳಿದವರು. ಅವರು ಕೆಳಗಿನ ಶೆಡ್ಡಿನಲ್ಲಿದ್ದರು. ಹಾಗೆ ಇರುವಂತೆ ಮಾಡಿದವನು ನಾನು.

ಓಡಿದೆ. ರಬ್ಬರ್ ಮರಗಳ ನಡುವೆ ಒಣಗಿದ ಎಲೆ, ಇಳಿಜಾರು, ಕಾಲು ಜಾರಿ ಒಮ್ಮೆ ಕೂತೇ ಹೋದೆ. ಶೆಡ್ಡು ಎಷ್ಟು ದೂರ ಎಂದು ಆಮೇಲೆ ಒಂದು ದಿನ ಹೋಗಿ ಹೆಜ್ಜೆ ಎಣಿಸಿ ಬಂದಿದ್ದೇನೆ. ನಾನೂರ ಹನ್ನೆರಡು ಹೆಜ್ಜೆ. ಇಳಿದು ಮತ್ತೆ ಹತ್ತಿದರೆ ಅದರ ಎರಡರಷ್ಟು. ಆ ದಿನ ಅದಕ್ಕೆ ಎಷ್ಟು ನಿಮಿಷ ಹಿಡಿಯಿತೋ ಗೊತ್ತಿಲ್ಲ. ಅಷ್ಟು ನಿಮಿಷ ಟೀಚರ್ ಜಗಲಿಯಲ್ಲಿ ಉಸಿರು ಎಳೆಯುತ್ತ ಕಾದಿದ್ದರು.

ಶೆಡ್ಡಿನ ಬಾಗಿಲು ತಳ್ಳಿದಾಗ ಕತ್ತಲೆಯಲ್ಲಿ ಯಾರೂ ಕಾಣಲಿಲ್ಲ. "ಮಾಸ್ಟ್ರೇ" ಎಂದು ಕೂಗಿದೆ.

"ದಾನೆ ಆಂಡ್?" ಏನಾಯಿತು ಎಂದು ತುಳುವಿನಲ್ಲೇ ಕೇಳುತ್ತ ಅವರು ಹೊರಗೆ ಬಂದರು. ಹುಲ್ಲಿನ ಚೂರು ಕೈಗೆ ಮೆತ್ತಿತ್ತು.

"ಹಿಂದಿ ಟೀಚರಿಗೆ ಜೇನು ಕಚ್ಚಿತು. ಉಸಿರು..."

ಮಾತು ಮುಗಿಯುವ ಮೊದಲೇ ಅವರು ನನ್ನನ್ನು ದಾಟಿ ಹತ್ತಿದರು. ಆ ವಯಸ್ಸಿಗೆ ಅಷ್ಟು ವೇಗ ನಾನು ಊಹಿಸಿರಲಿಲ್ಲ. ನಾನು ಮೇಲೆ ಮುಟ್ಟುವಾಗ ಅವರು ತಮ್ಮ ಗುರುತಿನ ಚೀಟಿಯ ಅಂಚಿನಿಂದ ಟೀಚರ ಕುತ್ತಿಗೆಯ ಮುಳ್ಳನ್ನು ಕೆರೆದು ತೆಗೆದಾಗಿತ್ತು. ಸುಣ್ಣ ಹಿಡಿದು ನಿಂತವರಿಗೆ, "ಅದು ನೀವೇ ಹಚ್ಚಿಕೊಳ್ಳಿ. ಹಗ್ಗದ ಮಂಚ ತನ್ನಿ, ಕಾರಿನವರೆಗೆ ಎತ್ತುವ" ಎಂದರು. ಟೀಚರನ್ನು ನಡೆಯಲು ಬಿಡಲಿಲ್ಲ. ನಾಲ್ಕು ಜನ ಮಂಚ ಎತ್ತಿದೆವು. ಅವರ ಕಾರು ಎಲ್ಲರಿಗಿಂತ ಹಿಂದೆ, ರಸ್ತೆಗೆ ಮುಖ ಮಾಡಿ ನಿಂತಿದ್ದರಿಂದ ಅದನ್ನು ತೆಗೆಯಲು ಬೇರೆ ಯಾವ ಕಾರನ್ನೂ ಸರಿಸಬೇಕಾಗಲಿಲ್ಲ. ಅದನ್ನು ಯಾವ ಸಾಲ್ವರೂ ಹೇಳಿರಲಿಲ್ಲ. ಅವರು ತಡವಾಗಿ ಬಂದಿದ್ದರು, ಅಷ್ಟೇ.

"ನೀವು ಹಿಂದೆ ಕೂತುಕೊಳ್ಳಿ. ಬೆನ್ನಿಗೆ ಆಸರೆ ಕೊಡಿ, ಕಾಲು ಸೀಟಿನ ಮೇಲೆ ಚಾಚಿಸಿ. ಮಾತಾಡಿಸ್ತಾ ಇರಿ. ಸಿಗ್ನಲ್ ಬಂದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ, ಜೇನು ಕಚ್ಚಿದೆ, ಉಸಿರು ಕಟ್ತಾ ಉಂಟು ಅಂತ ಹೇಳಿ. ಉಸಿರು ಕಟ್ತಾ ಉಂಟು ಅನ್ನುವುದನ್ನು ಮರೀಬೇಡಿ."

ಹಿಂದಿನ ಸೀಟಿನಲ್ಲಿ ಟೀಚರ್ ನನ್ನ ಎದೆಗೆ ಒರಗಿದ್ದರು. ಅವರ ಉಸಿರು ಒಳಗೆ ಹೋಗುವಾಗ ಶಿಳ್ಳೆಯ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕುಕ್ಕರು ಕೂಗುವ ಮೊದಲು ಆವಿ ಹೊರಡುವ ಸದ್ದಿಗೆ ಈಗಲೂ ಅಡಿಗೆಮನೆಯಿಂದ ಎದ್ದು ಹೊರಗೆ ಬರುತ್ತೇನೆ. ಮಾತಾಡಿಸಬೇಕಿತ್ತು. ಏನು ಮಾತಾಡಲಿ? "ಟೀಚರ್, ಬಂತು, ಪೇಟೆ ಬಂತು" ಎಂದೆ. ಪೇಟೆ ಬಂದಿರಲಿಲ್ಲ. ಅವರ ಬೆರಳು ನನ್ನ ಅಂಗಿಯ ಕಿಸೆಯನ್ನು ಹಿಡಿದುಕೊಂಡಿತ್ತು. ಕಿಸೆಯಲ್ಲಿ ಗುಂಪಿನ ಪಟ್ಟಿ ಮಡಚಿ ಇಟ್ಟಿದ್ದೆ. ಅದು ಅವರ ಮುಷ್ಟಿಯಲ್ಲಿ ಚರಚರ ಎನ್ನುತ್ತಿತ್ತು.

ಒಂದು ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ. ಕಿರಿದಾದ ದಾರಿ. ಲಾರಿಯವನು ಹಿಂದೆ ಹೋಗಲಾರ. ಪಿ.ಟಿ. ಮಾಸ್ಟ್ರು ಕಾರನ್ನು ಚರಂಡಿಯ ಅಂಚಿಗೆ ಇಳಿಸಿದರು. ಕಾರು ಒಂದು ಬದಿಗೆ ವಾಲಿತು. ಟೀಚರ ಭಾರವೆಲ್ಲ ನನ್ನ ಮೇಲೆ ಬಂತು. ಲಾರಿ ಕನ್ನಡಿಗೆ ಒಂದು ಗೇಣು ಬಿಟ್ಟು ಹಾದುಹೋಯಿತು. ಆ ಹೊತ್ತಿನಲ್ಲಿ ಶಿಳ್ಳೆಯ ಸದ್ದು ನಿಂತಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಐದಕ್ಕೆ ಅದು ಮತ್ತೆ ಬಂತು, ಮೊದಲಿಗಿಂತ ಸಣ್ಣಗೆ.

"ಉಂಟಾ?" ಎಂದು ಮುಂದಿನಿಂದ ಕೇಳಿದರು.

"ಉಂಟು."

"ಪೋಡ್ಯೊಡ್ಚಿ ಟೀಚರೇ. ಹೆದರಬೇಡಿ, ಮುಟ್ಟಿದೆವು." ಅವರ ದನಿ ಆಟದ ಮೈದಾನದಲ್ಲಿ ಬಿದ್ದ ಮಗುವಿನೊಂದಿಗೆ ಮಾತಾಡುವಾಗಿನದ್ದೇ ಆಗಿತ್ತು.

ಫೋನಿನಲ್ಲಿ ಒಂದು ಗೆರೆ ಮೂಡಿತು. ಮುಖ್ಯ ರಸ್ತೆಗೆ ಬರುವ ಮೊದಲು ಆಸ್ಪತ್ರೆಗೆ ಹೇಳಿ ಮುಗಿಸಿದೆ. ಉಸಿರು ಕಟ್ತಾ ಉಂಟು ಎಂಬುದನ್ನು ಎರಡು ಸಲ ಹೇಳಿದೆ. ಹಾಗಾಗಿ ನಾವು ಮುಟ್ಟುವಾಗ ಬಾಗಿಲಲ್ಲೇ ಗಾಲಿಕುರ್ಚಿ ಇತ್ತು, ಸಿಸ್ಟರ್ ಕೈಯಲ್ಲಿ ಇಂಜೆಕ್ಷನ್ ತಯಾರಿತ್ತು. ಸೀರೆಯ ಮೇಲಿಂದಲೇ ತೊಡೆಗೆ ಚುಚ್ಚಿದರು. ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ನನ್ನ ಅಂಗಿಯ ಕಿಸೆ ಅರ್ಧ ಹರಿದು ನೇತಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನವರು.

"ಇನ್ನೊಂದು ಇಂಜೆಕ್ಷನ್ ಕೊಟ್ಟಿದ್ದೇವೆ. ಬಿ.ಪಿ. ಇನ್ನೂ ಏರಬೇಕು. ಇವರಿಗೆ ಜೇನು ಆಗುವುದಿಲ್ಲ ಅಂತ ಮೊದಲೇ ಗೊತ್ತಿತ್ತಾ?"

ಅವರೂ ಅದೇ ಮಾತು ಬಳಸಿದರು. ಪಿ.ಟಿ. ಮಾಸ್ಟ್ರು ನನ್ನತ್ತ ನೋಡಿದರು, ಅವರಿಗೆ ಗೊತ್ತಿರಲಿಲ್ಲ.

"ಗೊತ್ತಿತ್ತು" ಎಂದೆ. "ಬರೆದು ಕೊಟ್ಟಿದ್ದರು."

ಡಾಕ್ಟರು ಏನೋ ಬರೆದುಕೊಂಡು ಒಳಗೆ ಹೋದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕೈಗೆ ಅಂಟಿದ ಹುಲ್ಲಿನ ಚೂರುಗಳನ್ನು ಒಂದೊಂದಾಗಿ ಕಿತ್ತು ಪಕ್ಕದ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅರ್ಧ ಗಂಟೆಯ ಮೇಲೆ ಸಿಸ್ಟರ್ ಬಂದು, ಈಗ ಮಾತಾಡುತ್ತಿದ್ದಾರೆ, ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದಾಗ ಮಾಸ್ಟ್ರು ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನಾನು ಕಾರಿನಲ್ಲಿ ಕನ್ನಡಕ ಹುಡುಕಲು ಹೋದೆ.

ಸೋಮವಾರ ಮಧ್ಯಾಹ್ನ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಆ ಕಡತವನ್ನು ಮತ್ತೆ ತೆರೆದೆ. ಮೊದಲು ನೋಡಿದ್ದು ಮುರಿದ ಆ ಒಂದು ಯಾವುದೆಂದು. ಗೊತ್ತಿದ್ದೂ ನೋಡಿದೆ. ಅದೇ ಸಾಲು. ಆಮೇಲೆ ಟೀಚರ ಸಾಲನ್ನು ಕಡ್ಡಾಯದ ರಾಶಿಗೆ ಹಾಕಿ ಸಾಲ್ವರನ್ನು ಓಡಿಸಿದೆ. ಉತ್ತರವೇ ಇಲ್ಲ ಎಂದು ಬಂದರೆ ಸ್ವಲ್ಪ ಸಮಾಧಾನವಾಗಬಹುದು ಎಂಬ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಉತ್ತರ ಬಂತು. ಮುರಿದದ್ದು ಎರಡು. ಒಬ್ಬರಿಗೆ ಗೆಳತಿ ತಪ್ಪುತ್ತಿದ್ದಳು, ಇನ್ನೊಬ್ಬರಿಗೆ ಅಣಬೆಯ ವಾಸನೆ. ಅಷ್ಟೇ.

ಇನ್ನೊಂದು ಸಾಲು ಬಾಕಿ ಇತ್ತು. ನಾನು ಮತ್ತು ಪಿ.ಟಿ. ಮಾಸ್ಟ್ರು. ಅದನ್ನು ಕಡ್ಡಾಯದಿಂದ ಕಿತ್ತು ಎರಡನೆಯ ರಾಶಿಗೆ ಹಾಕಿ ಮತ್ತೆ ಓಡಿಸಿದೆ. ಬೆರಳು ಎತ್ತುವ ಮೊದಲು ಬಂತು. ಮುರಿದದ್ದು ಒಂದು. ಟೀಚರ್ ಕಸಿಯ ಗುಂಪಿನಲ್ಲಿ, ಮನೆಯ ಎದುರಿನ ನೆರಳಿನಲ್ಲಿ. ಪಿ.ಟಿ. ಮಾಸ್ಟ್ರು ಜೇನಿನ ಗುಂಪಿನಲ್ಲಿ, ನನ್ನ ಪಕ್ಕದಲ್ಲಿ. ಉಳಿದ ಎಲ್ಲರ ಬೇಡಿಕೆ ಈಡೇರಿತ್ತು. ಈಡೇರದ್ದು ನನ್ನದೊಂದೇ.

ಪರದೆಯ ಮೇಲೆ ಅದೇ ಅಂಕಿ. ಒಂದು.

ಟೀಚರ್ ಹತ್ತು ದಿನದ ಮೇಲೆ ಶಾಲೆಗೆ ಬಂದರು. ನಾನು ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ್ದೆ, ನನ್ನ ಸಾಲಿನ ವಿಷಯವನ್ನೂ. ಅವರು ಕೇಳಿಸಿಕೊಂಡರು. ಪರವಾಗಿಲ್ಲ ಎಂದು ಹೇಳಲಿಲ್ಲ. "ನಾನು ಇನ್ನೊಮ್ಮೆ ಹೇಳಬೇಕಿತ್ತು. ನೀವು ಕಂಪ್ಯೂಟರ್ ಅಂದಿರಿ, ನಾನು ಸುಮ್ಮನಾದೆ" ಎಂದರು. ಅವರ ಚೀಲದಲ್ಲಿ ಈಗ ಒಂದು ಇಂಜೆಕ್ಷನ್ ಇರುತ್ತದೆ. ಎಲ್ಲಿದೆ, ಹೇಗೆ ಚುಚ್ಚಬೇಕು ಎಂದು ಪಿ.ಟಿ. ಮಾಸ್ಟ್ರು ಸ್ಟಾಫ್ ರೂಮಿನ ಎಲ್ಲರಿಗೂ ಕಲಿಸಿದ್ದಾರೆ. ಆ ಕಡ್ಡಾಯದ ಸಾಲಿನ ವಿಷಯ ಅವರಿಗೂ ಹೇಳಿದ್ದೆ; ನನಗೆ ಎರಡು ಸಲ ಕಲಿಸಿದರು.

ಮಾರ್ಚಿನಲ್ಲಿ ಶಾಲೆಯ ಪರೀಕ್ಷೆ ಬಂತು. ಯಾರಿಗೆ ಯಾವ ಕೋಣೆಯ ಮೇಲ್ವಿಚಾರಣೆ ಎಂಬ ಪಟ್ಟಿ ಮಾಡಬೇಕಿತ್ತು. ನಾನು ಬಿಡಿಸಿಕೊಳ್ಳಲು ನೋಡಿದೆ, ಬೇರೆ ಯಾರೂ ಸಿಗಲಿಲ್ಲ. ಕಾಗದಗಳು ಬಂದವು. ಮತ್ತೆ ಅದೇ ಮಾತು. ಮೂರನೇ ಮಹಡಿ ಆಗುವುದಿಲ್ಲ. ಬುಧವಾರ ಆಗುವುದಿಲ್ಲ. ಹತ್ತನೇ ಬಿ ಕ್ಲಾಸ್ ಆಗುವುದಿಲ್ಲ. ಈ ಸಲ ಎಲ್ಲವನ್ನೂ ಕಡ್ಡಾಯಕ್ಕೆ ಹಾಕಿದೆ, ಒಂದನ್ನೂ ಬಿಡದೆ. ಸಾಲ್ವರ್ ಕ್ಷಣವೂ ತಡೆಯದೆ ಹೇಳಿತು: ಇಷ್ಟನ್ನೂ ಒಟ್ಟಿಗೆ ನಿಜ ಮಾಡುವ ಉತ್ತರ ಇಲ್ಲ.

ಕಾಗದಗಳ ಕಟ್ಟು ಹಿಡಿದು ಸ್ಟಾಫ್ ರೂಮಿಗೆ ಹೋದೆ. ಮೊದಲು ಹಿಂದಿ ಟೀಚರ ಎದುರು ಕುರ್ಚಿ ಎಳೆದು ಕೂತೆ.

"ಟೀಚರ್, ಮೂರನೇ ಮಹಡಿ ಆಗುವುದಿಲ್ಲ ಅಂತ ಬರೆದಿದ್ದೀರಿ. ಆಗುವುದಿಲ್ಲ ಅಂದ್ರೆ ಎಂತ?"

"ಗಂಟು ನೋವು ಸರ್. ಮೆಟ್ಟಿಲು ಹತ್ತಿದ್ರೆ ರಾತ್ರಿ ಮಲಗ್ಲಿಕ್ಕೆ ಕಷ್ಟ. ಹತ್ತಲೇಬೇಕಾದ್ರೆ ಹತ್ತುತ್ತೇನೆ, ಅದರಲ್ಲಿ ಜೀವ ಹೋಗುವುದಿಲ್ಲ" ಎಂದು ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡುತ್ತಲೇ ಅದನ್ನು ಬರೆದುಕೊಂಡೆ.

ಹಾಗೆ ಒಬ್ಬೊಬ್ಬರ ಹತ್ತಿರ ಹೋದೆ. ಎರಡು ದಿನ ಹಿಡಿಯಿತು. ಹಿಂದಿನ ಹಿರಿಯರು ಪೆನ್ಸಿಲ್ ಹಿಡಿದು ಒಂದು ವಾರ ಏನು ಮಾಡುತ್ತಿದ್ದರು ಎಂದು ಆಗ ಸ್ವಲ್ಪ ತಿಳಿಯಿತು. ಕೊನೆಗೆ ಉಳಿದವರು ಪಿ.ಟಿ. ಮಾಸ್ಟ್ರು. ಮೈದಾನದ ಬದಿಯಲ್ಲಿ ವಾಲಿಬಾಲಿಗೆ ಗಾಳಿ ತುಂಬುತ್ತಿದ್ದರು. ಅವರ ಕಾಗದ ಖಾಲಿ ಇತ್ತು.

"ನಿಮಗೆ ಆಗದ್ದು ಎಂತಾದ್ರೂ ಉಂಟಾ ಮಾಸ್ಟ್ರೇ?"

ಅವರು ಪಂಪು ಒತ್ತುವುದನ್ನು ನಿಲ್ಲಿಸಲಿಲ್ಲ. "ಉಂಟಲ್ಲ. ನೀವು" ಎಂದರು. "ಆದ್ರೆ ಅದನ್ನು ಕಡ್ಡಾಯಕ್ಕೆ ಹಾಕಬೇಡಿ."

ನಾನು ಬರೆದುಕೊಂಡೆ.